ಪಟ್ಟಿಯ ಮೊದಲ ಠಾಣೆ

ಹದಿನೇಳನೇ ಠಾಣೆ
ಫೆಬ್ರವರಿ ೪

ಪ್ರೀತಿಯ ಅಕ್ಕನಿಗೆ,

ನಿನ್ನ ಪಾರ್ಸೆಲ್ ತಲುಪಿತು. ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಇಟ್ಟಿದ್ದೇನೆ ಅಂತ ಬರೆದಿದ್ದೆ, ಇದ್ದದ್ದು ಮೂರೇ. ಕೆಳಗಿನ ಕ್ಯಾಂಪಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದು ಜೊತೆಗೆ ಬೇರೆ ಕಾಲು ಸಿಕ್ಕಿದೆ. ಇರಲಿ ಬಿಡು, ಅವರಿಗೂ ಚಳಿ.

ನೀನು ಕೇಳಿದ್ದಕ್ಕೆಲ್ಲ ಉತ್ತರ: ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ, ಕೆಮ್ಮು ಇಲ್ಲ. ನಾನು ಕ್ಯಾಪ್ಟನ್ ಆಗಿ ಎರಡು ವರ್ಷವಾದರೂ ನಿನ್ನ ಪ್ರಶ್ನೆಗಳು ಮಾತ್ರ ನನ್ನ ಮೂರನೇ ಕ್ಲಾಸಿನಲ್ಲೇ ನಿಂತಿವೆ.

ಠಾಣೆ ಹೇಗಿದೆ ಅಂದೆಯಲ್ಲ. ಮೊದಲು ಇದು ಧಾನ್ಯದ ಗೋದಾಮು. ಎರಡು ಉದ್ದನೆಯ ಕೋಣೆ, ತಗಡಿನ ಸೂರು, ಸುತ್ತ ಮರಳುಚೀಲ. ನನ್ನನ್ನೂ ಸೇರಿಸಿ ಮೂವತ್ತೆರಡು ಮಂದಿ. ಗೋಡೆಯಾಚೆ ಊರು: ನಲವತ್ತಮೂರು ಮನೆ, ಒಂದು ಹಿಟ್ಟಿನ ಗಿರಣಿ, ಒಂದು ಶಾಲೆ. ಊರ ಕೆಳಗೆ ಹೊಳೆ, ಹೊಳೆಗೊಂದು ತೂಗುಸೇತುವೆ. ಅದರಾಚೆ, ಎತ್ತರದ ಕಾಡಿನಲ್ಲಿ ಬಂಡುಕೋರರು. ಊರಿನವರ ಬಾಯಲ್ಲಿ ಅವರು 'ಮೇಲಿನವರು', ನಾವು 'ಗೋದಾಮಿನವರು'. ಇಬ್ಬರ ಹೆಸರನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ.

ನಮ್ಮ ಹವಾಲ್ದಾರರ ಬಗ್ಗೆ ಬರೆಯಲೇಬೇಕು. ಇಪ್ಪತ್ತಾರು ವರ್ಷದ ಸರ್ವೀಸು. ಮಾತು ಅಳೆದು ತೂಗಿ ಆಡುವ ಮನುಷ್ಯ. ಬಂದ ಮೊದಲ ದಿನ ನಾನು ನಕ್ಷೆ ಬಿಡಿಸಿ, ನೀನು ತರಗತಿಯಲ್ಲಿ ಹಿಡಿಯುವ ಹಾಗೆಯೇ ಕಡ್ಡಿ ಹಿಡಿದು, ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಕೊನೆಯವರೆಗೂ ಕೇಳಿಸಿಕೊಂಡರು. "ನಕ್ಷೆ ಚೆನ್ನಾಗಿದೆ ಮೇಡಂ. ಒಂದ್ಸಲ ನಡ್ಕೊಂಡು ಬರೋಣ್ವಾ?" ಅಂದರು. ಐದು ಗಂಟೆ ನಡೆಸಿದರು. ತಿರುಗಿ ಬಂದ ಮೇಲೆ ಸುಮ್ಮನೆ ನಕ್ಷೆ ಮಡಚಿಟ್ಟೆ.

ಎರಡನೇ ವಾರ ಶಾಲೆಯ ಟೀಚರಮ್ಮ ಗೇಟಿಗೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. "ನಿಮ್ಮ ಮೆಷಿನ್‌ಗನ್ ನಮ್ಮ ಶಾಲೆ ಗೋಡೆಗೆ ಒರಗಿದೆ. ಅವರು ಅದಕ್ಕೆ ಹೊಡೆದ್ರೆ ಗುಂಡು ಎಲ್ಲಿ ಬೀಳತ್ತೆ, ನೀವೇ ಹೇಳಿ" ಅಂದರು. ಗನ್ನನ್ನು ಗೋದಾಮಿನ ಈ ತುದಿಗೆ ಸರಿಸೋಣ ಅಂದೆ. "ಆ ಜಾಗ ಬಿಟ್ರೆ ನಮ್ಮ ಅರ್ಧ ಕಣ್ಣು ಹೋದ ಹಾಗೆ ಮೇಡಂ" ಅಂದರು ಹವಾಲ್ದಾರರು. ಗೊತ್ತು, ಆದರೂ ಸರಿಸೋಣ ಅಂದೆ. ಸೆಲ್ಯೂಟ್ ಹೊಡೆದು ಮೊದಲ ಮರಳುಚೀಲ ತಾವೇ ಹೆಗಲಿಗೇರಿಸಿಕೊಂಡರು. ಒಪ್ಪದ ಆದೇಶವನ್ನು ಇಷ್ಟು ಚೆನ್ನಾಗಿ ಪಾಲಿಸುವುದು ಹೇಗೆ ಅಂತ ನಿಮ್ಮ ಕಾಲೇಜಿನಲ್ಲಿ ಕಲಿಸುತ್ತೀರಾ?

ಠಾಣೆಗಳ ಬಗೆಗಿನ ನಿನ್ನ ಪ್ರಬಂಧ ಮುಗಿದರೆ ಕಳಿಸು. ಅಮ್ಮನಿಗೆ ನಮಸ್ಕಾರ.

ನಿನ್ನ,
ಮೊಂಡಿ


ಸೇನಾ ಕಾಲೇಜು
ಫೆಬ್ರವರಿ ೨೧

ಪ್ರೀತಿಯ ಮೊಂಡಿಗೆ,

ಅಮ್ಮನಿಗೆ ನಿನ್ನ ಪತ್ರವನ್ನು ಎರಡು ಸಲ ಓದಿ ಹೇಳಿದೆ. ನಿಮ್ಮ ಗುಡ್ಡದಲ್ಲಿ ಫೋನು ಹಿಡಿಯುವುದಿಲ್ಲ ಅನ್ನುವುದನ್ನು ಅವರು ಇನ್ನೂ ಒಪ್ಪಿಲ್ಲ. "ಮೂವತ್ತು ವರ್ಷ ಎಕ್ಸ್‌ಚೇಂಜಲ್ಲಿ ಕೂತು ಊರಿಗೆಲ್ಲ ಲೈನ್ ಕೊಟ್ಟಿದ್ದೀನಿ. ನನ್ನ ಮಗಳಿಗೊಂದು ಲೈನ್ ಇಲ್ವಂತೆ" ಅಂತ ಬಂದವರ ಮುಂದೆಲ್ಲ ಹೇಳುತ್ತಾರೆ.

ಪ್ರಬಂಧ ಮುಗಿಯಿತು, ಇದರ ಜೊತೆಗಿದೆ. ಹೇಳಬೇಕಾದ್ದನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಮೂವತ್ತು ಮಂದಿಯ ಠಾಣೆಗಳನ್ನು ಮುಚ್ಚಬೇಕು. ಗುಡ್ಡಕ್ಕೊಂದರಂತೆ ಚದುರಿದ ಸೈನಿಕರನ್ನು ಮೂರು ದೊಡ್ಡ ಕ್ಯಾಂಪುಗಳಿಗೆ ತರಬೇಕು. ಕಣ್ಣಿಡುವ ಕೆಲಸ ಡ್ರೋನುಗಳಿಗೆ, ಹೊಡೆಯುವ ಕೆಲಸ ಹೆಲಿಕಾಪ್ಟರಿನಲ್ಲಿ ಹೋಗುವ ದಳಕ್ಕೆ.

ಇದು ಕೋಣೆಯಲ್ಲಿ ಕೂತು ಹೊಳೆದ ಮಾತಲ್ಲ. ಹೋದ ವರ್ಷ ಒಂಬತ್ತನೇ ಠಾಣೆಯಲ್ಲಿ ನಲವತ್ತು ನಿಮಿಷದಲ್ಲಿ ಹದಿನಾಲ್ಕು ಮಂದಿ ಹೋದರು. ನೆರವು ತಲುಪಿದ್ದು ಮೂರು ಗಂಟೆಯ ನಂತರ. ಅಲ್ಲಿನ ಲೆಫ್ಟಿನೆಂಟ್ ನನ್ನ ವಿದ್ಯಾರ್ಥಿ. ಎರಡನೇ ಸಾಲಿನಲ್ಲಿ ಕೂರುತ್ತಿದ್ದ, ನಾನು ಏನು ಹೇಳಿದರೂ "ಆದ್ರೆ ಮೇಡಂ" ಅನ್ನುತ್ತಿದ್ದ. ಅವನ ತಾಯಿಯ ಎದುರು ಕೂತಾಗ ನನ್ನ ಬಾಯಿಂದ ಒಂದು ವಾಕ್ಯವೂ ಹೊರಡಲಿಲ್ಲ. ಆ ಹೊರಡದ ವಾಕ್ಯವೇ ಈ ಅರವತ್ತು ಪುಟ ಅಂತ ಇಟ್ಟುಕೋ.

ಮೊನ್ನೆ ತರಗತಿಯಲ್ಲಿ ಇದನ್ನೇ ಚರ್ಚೆಗೆ ಇಟ್ಟಿದ್ದೆ. ಹಿಂದಿನ ಬೆಂಚಿನ ಒಬ್ಬ ಮೇಜರ್ ಎದ್ದು, "ಠಾಣೆ ಇಲ್ದಿದ್ರೆ ಜನ ಯಾರ ಜೊತೆ ಮಾತಾಡ್ತಾರೆ ಮೇಡಂ, ಡ್ರೋನ್ ಜೊತೇನಾ?" ಅಂದ. ಕ್ಲಾಸೆಲ್ಲ ನಕ್ಕಿತು. ಕಳೆದ ಐದು ವರ್ಷಗಳಲ್ಲಿ ಸಣ್ಣ ಠಾಣೆಗಳಲ್ಲಿ ಸತ್ತವರ ಅಂಕಿಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆದೆ. ಕೂತುಕೊಂಡ. ಗೆದ್ದೆ ಅನ್ನಿಸಿತು.

ಇನ್ನು ನಿನ್ನ ಮೆಷಿನ್‌ಗನ್ನು. ಟೀಚರಮ್ಮನ ಮಾತಿಗೆ ಕರಗಿ ಅರ್ಧ ಕಣ್ಣು ಕಳೆದುಕೊಂಡೆಯಲ್ಲ, ನನ್ನ ಕ್ಲಾಸಿನಲ್ಲಾಗಿದ್ದರೆ ನಿನಗೆ ಸೊನ್ನೆ. ನಿನ್ನ ಹವಾಲ್ದಾರರು ಹೇಳಿದ್ದೇ ಸರಿ. ಒಳ್ಳೆಯತನ ಬೇರೆ, ಕಾವಲು ಬೇರೆ. ಎಚ್ಚರವಾಗಿರು.

ಅಕ್ಕ


ಹದಿನೇಳನೇ ಠಾಣೆ
ಮಾರ್ಚ್ ೧೭

ಪ್ರೀತಿಯ ಅಕ್ಕನಿಗೆ,

ಪ್ರಬಂಧ ಓದಿದೆ. ಮತ್ತೆ ಓದಿದೆ. ಮೂರನೇ ಸಲ ಹವಾಲ್ದಾರರಿಗೆ ಜೋರಾಗಿ ಓದಿ ಹೇಳಿದೆ. ನೀನು ಎಷ್ಟು ಚೆನ್ನಾಗಿ ಬರೆಯುತ್ತೀಯ ಅಂತ ನನಗೆ ಗೊತ್ತಿತ್ತು, ಆದರೂ ಒಂಬತ್ತನೇ ಠಾಣೆಯ ಆ ಹನ್ನೆರಡು ಪುಟ ಓದುವಾಗ ಎರಡು ಸಲ ಹಾಳೆ ಕೆಳಗಿಟ್ಟೆ. ಹವಾಲ್ದಾರರು, "ನಿಮ್ಮಕ್ಕ ಬರ್ದಿರೋದ್ರಲ್ಲಿ ಸುಳ್ಳಿಲ್ಲ ಮೇಡಂ. ಆದ್ರೆ ಅವರು ನಾವು ಸಾಯೋದನ್ನಷ್ಟೇ ಎಣಿಸಿದ್ದಾರೆ" ಅಂದರು.

ಎಣಿಕೆ ಅಂದಕೂಡಲೇ ನೆನಪಾಯಿತು. ತಿಂಗಳಿಗೊಮ್ಮೆ ಕರ್ನಲ್ ಸಾಹೇಬರಿಗೆ ಒಂದು ಫಾರಂ ತುಂಬಿ ಕಳಿಸಬೇಕು. ಕೊಂದವರೆಷ್ಟು, ಹಿಡಿದವರೆಷ್ಟು, ಸಿಕ್ಕಿದ ಬಂದೂಕೆಷ್ಟು. ನನ್ನದು ಸೊನ್ನೆ, ಸೊನ್ನೆ, ಸೊನ್ನೆ. "ಏನಮ್ಮಾ, ನಿನ್ನ ಠಾಣೆ ಮಲಗಿದ್ಯಾ?" ಅಂತ ವಯರ್‌ಲೆಸ್ಸಿನಲ್ಲಿ ಕೇಳಿದರು. ಮುಂದಿನ ತಿಂಗಳು ಕೆಳಗೆ ಸ್ಕೇಲಿಟ್ಟು ಇನ್ನೆರಡು ಸಾಲು ಎಳೆದೆ: ಗಿರಣಿ ಓಡಿದ ದಿನ ಇಪ್ಪತ್ತೊಂದು, ಶಾಲೆಗೆ ಬಂದ ಮಕ್ಕಳು ಮೂವತ್ತೆಂಟು. ಕೆಂಪು ಶಾಯಿಯಲ್ಲಿ ಹೊಡೆದು ವಾಪಸು ಕಳಿಸಿದರು. ಈ ತಿಂಗಳೂ ಎಳೆದಿದ್ದೇನೆ. ಗಿರಣಿ ಇಪ್ಪತ್ತಾರು, ಮಕ್ಕಳು ನಲವತ್ತೇಳು. ನೋಡೋಣ, ಅವರ ಶಾಯಿ ಮೊದಲು ಮುಗಿಯುತ್ತದೋ ನನ್ನದೋ.

ಹೋದ ವಾರ ಸೇತುವೆಯ ಈ ತುದಿಯಲ್ಲಿ ಒಂದು ನೆಲಬಾಂಬ್ ಸಿಕ್ಕಿತು. ಹವಾಲ್ದಾರರಿಗೆ ಅಲ್ಲಿನ ಮಣ್ಣು ಹೊಸದಾಗಿ ಅಗೆದ ಹಾಗೆ ಕಂಡಿತು. ತೆಗೆದು ಹಾಕಿದೆವು. ಯಾರಿಗೂ ಏನೂ ಆಗಲಿಲ್ಲ.

ಅಮ್ಮನ ಮೊಣಕಾಲು ನೋವು ಹೇಗಿದೆ?

ಮೊಂಡಿ


ಸೇನಾ ಕಾಲೇಜು
ಏಪ್ರಿಲ್ ೧೦

ಮೊಂಡಿಗೆ,

ಸೇತುವೆಯ ಬಗ್ಗೆ ನೀನು ಬರೆದದ್ದು ನಾಲ್ಕು ಸಾಲು. ಇಲ್ಲಿನ ಲೈಬ್ರರಿಗೆ ಬಂದ ವರದಿ ಒಂದೂವರೆ ಪುಟ. "ಠಾಣೆಯ ಅಧಿಕಾರಿ ಖುದ್ದಾಗಿ ನೆಲದ ಮೇಲೆ ಮಲಗಿ ಬಾಂಬನ್ನು ನಿಷ್ಕ್ರಿಯಗೊಳಿಸಿದರು, ಹಿಡಿದ ಸಮಯ ಐವತ್ತೈದು ನಿಮಿಷ." ನಿನ್ನ ನಾಲ್ಕು ಸಾಲಿನಲ್ಲಿ ಈ ಸಾಲು ಇರಲಿಲ್ಲ. ಆ ಪುಟವನ್ನು ಮುಂದಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಲೈಬ್ರರಿಯವರು ಬಂದು ಬಾಗಿಲು ಹಾಕಬೇಕು ಮೇಡಂ ಅಂದರು.

ಅಮ್ಮನಿಗೆ ಹೇಳಿಲ್ಲ.

ಹೋದ ಗುರುವಾರ ಜನರಲ್ ಸಾಹೇಬರ ಸಮಿತಿಯ ಮುಂದೆ ಪ್ರಬಂಧ ಮಂಡಿಸಿದೆ. ಸೇತುವೆಯ ವಿಷಯವನ್ನೂ ಸೇರಿಸಿದೆ, ನಿನ್ನ ಹೆಸರಿಲ್ಲದೆ. ಅದೃಷ್ಟ ಕೈಕೊಟ್ಟು ಒಬ್ಬ ಸೈನಿಕನಿಗೆ ಆ ಹೊಸ ಮಣ್ಣು ಕಾಣದೇ ಹೋಗಿದ್ದರೆ ಏನಾಗುತ್ತಿತ್ತು, ಅದೃಷ್ಟವನ್ನು ನಂಬಿ ಮೂವತ್ತೆರಡು ಜನರನ್ನು ಗುಡ್ಡದ ಮೇಲೆ ಕೂರಿಸಬಹುದೇ ಅಂತ ಕೇಳಿದೆ. ಕೊನೆಗೆ ಜನರಲ್ ಸಾಹೇಬರು ಎದ್ದು ಬಂದು ಕೈ ಕುಲುಕಿದರು. ಮೊದಲ ಕಂತಿನಲ್ಲಿ ಏಳು ಠಾಣೆ ಮುಚ್ಚುತ್ತಾರೆ.

ದೊಡ್ಡ ಕ್ಯಾಂಪಿನಲ್ಲಿ ಬಿಸಿನೀರು ಇದೆಯಂತೆ, ಫೋನೂ ಹಿಡಿಯುತ್ತದಂತೆ. ಸುಮ್ಮನೆ ಹೇಳಿದೆ.

ಅಕ್ಕ


ಸೇನಾ ಕಾಲೇಜು
ಮೇ ೫

ಮೊಂಡಿ,

ಏಳು ವಾರದಿಂದ ನಿನ್ನ ಪತ್ರವಿಲ್ಲ. ಅಂಚೆಯವನು ಬರುವ ಹೊತ್ತಿಗೆ ಅಮ್ಮ ಗೇಟಿನ ಹತ್ತಿರ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಾರೆ. ಕೋಪ ಬಂದಿದ್ದರೆ ಕೋಪವನ್ನೇ ಬರೆ. ಎರಡು ಸಾಲು ಸಾಕು.

ಅಕ್ಕ


ಹದಿನೇಳನೇ ಠಾಣೆ
ಮೇ ೧೨

ಪ್ರೀತಿಯ ಅಕ್ಕನಿಗೆ,

ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ರಜೆಗೆ ಹೊರಟ ನಮ್ಮ ಹುಡುಗಿಯೊಬ್ಬಳು, ವಯರ್‌ಲೆಸ್ ಆಪರೇಟರ್, ತಾನೇ ತಂದು ನಿನ್ನ ಕೈಗೆ ಕೊಡುತ್ತಾಳೆ. ಅಂಚೆಯ ಪತ್ರ ನಾಲ್ಕು ಕೈ ದಾಟಿ ಹೋಗುತ್ತದೆ. ಅದಕ್ಕೇ ಇಷ್ಟು ದಿನ ಒಂದು ವಿಷಯ ಬರೆಯಲಿಲ್ಲ. ಓದಿದ ಮೇಲೆ ಸುಟ್ಟುಬಿಡು.

ಸೇತುವೆಯ ಹತ್ತಿರ ಹೊಸ ಮಣ್ಣನ್ನು ಯಾರೂ ನೋಡಲಿಲ್ಲ. ಮೇಲೆ ಎಲೆ ಹರಡಿ, ನೀರು ಚಿಮುಕಿಸಿ, ಅಷ್ಟು ನಾಜೂಕಾಗಿ ಮುಚ್ಚಿದ್ದರು. ಅವತ್ತು ಬೆಳಿಗ್ಗೆ ನಾವು ಗಸ್ತಿಗೆ ಹೊರಟಾಗ ಟೀಚರಮ್ಮ ಶಾಲೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಹೊಳೆಯಾಚೆಯ ಹೊಲಗಳಿಂದ ಬರುವ ಮಕ್ಕಳು ಬಂದಿರಲಿಲ್ಲ, ಈಚೆಯವರನ್ನೆಲ್ಲ ಒಳಗೆ ಕೂಡಿ ಹಾಕಿದ್ದರು. ನಮ್ಮ ಕಡೆ ನೋಡದೆ, ಕರಿಹಲಗೆ ಒರೆಸುವ ಬಟ್ಟೆ ಕೊಡವುತ್ತ, ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ, "ಇವತ್ತು ಮಕ್ಕಳನ್ನ ಸೇತುವೆ ಕಡೆ ಬಿಡಲ್ಲ" ಅಂದರು. ಅಷ್ಟೇ. ಹವಾಲ್ದಾರರು ನನ್ನ ಮುಖ ನೋಡಿದರು. ಎಲ್ಲರನ್ನೂ ಹಿಂದೆ ನಿಲ್ಲಿಸಿದೆ. ಬಾಂಬ್ ತೆಗೆಯುವ ತರಬೇತಿ ಠಾಣೆಯಲ್ಲಿ ಇರುವುದು ನನಗೊಬ್ಬಳಿಗೇ. ಹಾಗಾಗಿ ಮಲಗಿದೆ. ಶೌರ್ಯ ಗೀರ್ಯ ಅಂತ ತಿಳಿಯಬೇಡ.

ವರದಿ ಬರೆಯುವಾಗ ಹವಾಲ್ದಾರರೇ ಅಂದರು: "ನನ್ನ ಕಣ್ಣಿಗೆ ಬಿತ್ತು ಅಂತ ಬರೀರಿ ಮೇಡಂ. ನನ್ನ ಕಣ್ಣಿನ ಮೇಲೆ ಯಾರೂ ಸೇಡು ತೀರಿಸ್ಕೊಳ್ಳಲ್ಲ."

ಈಗ ಆದೇಶ ಬಂದಿದೆ. ಹದಿನೇಳನೇ ಠಾಣೆಯನ್ನು ಜೂನ್ ಎರಡರೊಳಗೆ ಖಾಲಿ ಮಾಡಬೇಕು. ಪಟ್ಟಿಯಲ್ಲಿ ಮೊದಲನೆಯದೇ ನಮ್ಮದು. ಊರಿಗೆ ಸುಳಿವು ಕೊಡದೆ, ಕತ್ತಲಲ್ಲಿ ಲಾರಿ ಹತ್ತಿ ಇಳಿದುಬಿಡಬೇಕಂತೆ. ಊರಿಗೆ ಹೇಳಿಯೇ ಹೋಗುತ್ತೇನೆ ಅಂತ ಎರಡು ಪುಟದ ಪತ್ರ ಬರೆದೆ. "ಹೇಳದೆ ಹೋದರೆ ಮತ್ತೆಂದೂ ಯಾರೂ ಬಾಗಿಲಲ್ಲಿ ನಿಲ್ಲುವುದಿಲ್ಲ" ಅನ್ನುವುದನ್ನು ಬೇರೆ ಮಾತಿನಲ್ಲಿ ಹೇಳಿದ್ದೆ. ಕರ್ನಲ್ ಸಾಹೇಬರು ಎರಡು ದಿನ ಬಿಟ್ಟು, "ಹೊಣೆ ನಿನ್ನದು" ಅಂತ ಬರೆದು ಸಹಿ ಹಾಕಿ ಕಳಿಸಿದರು. ಅವರನ್ನು ಬರಿಯ ಕೆಂಪು ಶಾಯಿಯ ಮನುಷ್ಯ ಅಂದುಕೊಂಡಿದ್ದೆ. ಆ ಸಹಿ ಹಾಕಲು ಎಂಟೆದೆ ಬೇಕು.

ಗಿರಣಿಯ ಮುಂದೆ ಎಲ್ಲರನ್ನೂ ಸೇರಿಸಿ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎಲ್ಲರೂ ಚದುರಿದ ಮೇಲೆ ಟೀಚರಮ್ಮ ಬಂದರು. "ನೀವು ಹೋದ್ಮೇಲೆ ಅವರು ಬರ್ತಾರೆ. ಬಾಂಬ್ ವಿಷಯ ಹೇಳ್ದೋರು ಯಾರು ಅಂತ ಕೇಳ್ತಾರೆ. ಏನ್ ಹೇಳ್ಲಿ?" ಕೆಳಗೆ ಕ್ಯಾಂಪಿನ ಶಾಲೆಗೆ ಬಂದುಬಿಡಿ ಅಂದೆ. "ನಲವತ್ತೇಳು ಮಕ್ಕಳನ್ನೂ ಕರ್ಕೊಂಡು ಬರ್ಲಾ?" ಅಂದರು.

ಯಾರೋ ಕುರ್ಚಿಯಲ್ಲಿ ಕೂತು ಆ ಪಟ್ಟಿ ಬರೆದಿದ್ದಾರೆ. ಅವರಿಗೆ ಹದಿನೇಳು ಅನ್ನುವುದು ಒಂದು ಸಂಖ್ಯೆ. ನಿನ್ನ ಮೇಲೆ ನನಗೆ ಕೋಪವಿಲ್ಲ ಅಕ್ಕ. ನೀನು ಬರೆದದ್ದು ವಾದ. ಪಟ್ಟಿ ಬರೆದವರು ಬೇರೆ.

ಆದೇಶವನ್ನು ಪಾಲಿಸುತ್ತೇನೆ. ಇಳಿಯಬೇಕು ಅಂದಿದ್ದಾರೆ, ಇಳಿಯುತ್ತೇನೆ. ಹೇಗೆ ಇಳಿಯಬೇಕು ಅನ್ನುವುದನ್ನು ನಾನೂ ಹವಾಲ್ದಾರರೂ ಯೋಚಿಸುತ್ತಿದ್ದೇವೆ.

ಮೊಂಡಿ


ಸೇನಾ ಕಾಲೇಜು
ಮೇ ೧೮

ಮೊಂಡಿ,

ನಿನ್ನ ಪತ್ರ ಸುಟ್ಟೆ. ಈ ಪತ್ರವನ್ನು ಅದೇ ಹುಡುಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಪಟ್ಟಿ ಬರೆದವಳು ನಾನು.

ಸಮಿತಿ ಮುಗಿದ ಮೇಲೆ ಜನರಲ್ ಸಾಹೇಬರು ಒಂದು ಹಾಳೆ ಕೊಟ್ಟು, "ಮೊದಲು ಯಾವ್ಯಾವುದನ್ನ ಮುಚ್ಚಬೇಕು, ನೀವೇ ಬರೀರಿ" ಅಂದರು. ಆರು ಠಾಣೆಗಳನ್ನು ಲೆಕ್ಕಾಚಾರ ನೋಡಿ ಬರೆದೆ. ಆದರೆ ಎಲ್ಲಕ್ಕಿಂತ ಮೊದಲು, ಪೆನ್ನು ಮುಟ್ಟಿದ ಕೂಡಲೇ, ಬರೆದದ್ದು ಹದಿನೇಳು. ಅದಕ್ಕೆ ಯಾವ ಲೆಕ್ಕವೂ ಇರಲಿಲ್ಲ. ಐವತ್ತೈದು ನಿಮಿಷ ನೀನು ನೆಲದ ಮೇಲೆ ಮಲಗಿದ್ದೆ ಅನ್ನುವುದೊಂದೇ ಇತ್ತು. ನಿನ್ನನ್ನು ಅಲ್ಲಿಂದ ಎತ್ತಿಕೊಂಡು ಬರಬೇಕಿತ್ತು, ನನ್ನ ಕೈಯಲ್ಲಿದ್ದದ್ದು ಪೆನ್ನು.

ಅದೃಷ್ಟ ಅಂತ ನಾನು ಸಮಿತಿಗೆ ಹೇಳಿದ್ದು ಒಬ್ಬ ಹೆಂಗಸಿನ ಧೈರ್ಯವಾಗಿತ್ತು. ನನ್ನ ವಾದದ ಅತ್ಯಂತ ಗಟ್ಟಿ ಉದಾಹರಣೆ ನನ್ನ ವಾದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತಿತ್ತು. ನಿನ್ನ ಪತ್ರ ಬಂದ ಎರಡನೇ ದಿನ ಜನರಲ್ ಸಾಹೇಬರ ಕಚೇರಿಗೆ ಹೋದೆ. ನಾಲ್ಕು ಜನ ಅಧಿಕಾರಿಗಳು ಇದ್ದರು. ಅವರು ಹೋಗಲಿ ಅಂತ ಕಾಯಬೇಕು ಅನ್ನಿಸಿತು, ಕಾದರೆ ನಾನೂ ಎದ್ದು ಹೋಗಿಬಿಡುತ್ತೇನೆ ಅಂತಲೂ ಅನ್ನಿಸಿತು. ಪಟ್ಟಿಯನ್ನು ತಡೆಹಿಡಿಯಿರಿ ಅಂತ ಅವರೆಲ್ಲರ ಎದುರಿಗೇ ಹೇಳಿದೆ.

"ಪ್ರಬಂಧ ತಪ್ಪು ಅಂತೀರಾ?" ಅಂದರು ಜನರಲ್ ಸಾಹೇಬರು.

"ಪೂರ್ತಿ ತಪ್ಪಲ್ಲ ಸರ್. ಪಟ್ಟಿ ತಪ್ಪು. ಮೊದಲನೇ ಹೆಸರನ್ನ ನನ್ನ ತಂಗಿಗೋಸ್ಕರ ಬರೆದೆ. ಸೇತುವೆ ಉದಾಹರಣೆಯನ್ನೂ ವಾಪಸ್ ತಗೋತೀನಿ."

"ಅದ್ಯಾಕೆ?"

"ಕಾರಣ ಹೇಳೋಕಾಗಲ್ಲ ಸರ್. ಹೇಳಿದ್ರೆ ಒಬ್ಬರ ಜೀವಕ್ಕೆ ಕುತ್ತು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಗದರುತ್ತಾರೆ ಅಂದುಕೊಂಡೆ. "ಹದಿನೇಳನ್ನ ನಿಲ್ಲಿಸೋಕಾಗಲ್ಲ. ಊರಿಗೆ ಹೇಳಿಯಾಗಿದೆ. ಈಗ ಇಲ್ಲ ಅಂದ್ರೆ, ನಾಳೆ ನಾವು ಏನು ಹೇಳಿದ್ರೂ ಯಾರೂ ನಂಬಲ್ಲ. ಉಳಿದ ಆರು ಠಾಣೆ ಸದ್ಯಕ್ಕೆ ಹಾಗೇ ಇರಲಿ. ಅಲ್ಲಲ್ಲಿನ ಆಫೀಸರುಗಳನ್ನ ಕೇಳದೆ ಇನ್ನು ಒಂದನ್ನೂ ಮುಟ್ಟಲ್ಲ. ನೀವು ಸಮಿತಿಯಲ್ಲಿ ಇರೋ ಹಾಗಿಲ್ಲ" ಅಂದರು. ಅದು ನ್ಯಾಯವೇ.

ಕ್ಷಮಿಸು ಅಂತ ಕೇಳುವುದಿಲ್ಲ. ಅರವತ್ತು ಪುಟದಲ್ಲಿ ಟೀಚರಮ್ಮನಂಥವರ ಬಗ್ಗೆ ಒಂದು ಸಾಲೂ ಇಲ್ಲ.

ಅಕ್ಕ


ಹದಿನೇಳನೇ ಠಾಣೆ
ಮೇ ೨೭

ಅಕ್ಕನವರಿಗೆ,

ತಮ್ಮ ೧೮ನೇ ತಾರೀಖಿನ ಪತ್ರ ತಲುಪಿದೆ. ಜೂನ್ ಎರಡರಂದು ಇಳಿಯುತ್ತಿದ್ದೇವೆ. ಇಲ್ಲಿ ಕೆಲಸ ಬಹಳ ಇದೆ. ನಾನು ಕ್ಷೇಮ ಅಂತ ಅಮ್ಮನಿಗೆ ತಿಳಿಸುವುದು.

ಕ್ಯಾಪ್ಟನ್, ಹದಿನೇಳನೇ ಠಾಣೆ


ಕೆಳಗಿನ ಕ್ಯಾಂಪು
ಜೂನ್ ೨೦

ಅಕ್ಕ,

ಹೋದ ಪತ್ರದಲ್ಲಿ ನಿನ್ನನ್ನು ಬಹುವಚನದಲ್ಲಿ ಕರೆದಿದ್ದೆ. ನಿನಗೆ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚುತ್ತದೆ ಅಂತ ಗೊತ್ತಿದ್ದೇ ಬರೆದದ್ದು. ನಾನು ಗುಡ್ಡದ ಮೇಲೆ ಮಕ್ಕಳ ಲೆಕ್ಕ ಇಡುತ್ತಿದ್ದರೆ, ನೀನು ಅಲ್ಲಿ ಕೂತು ನನ್ನನ್ನು ಚಳಿಗೆ ಸ್ವೆಟರ್ ತೊಡಿಸಿ ಒಳಗೆ ಕರೆದುಕೊಳ್ಳುವ ಹಾಗೆ ಕರೆದುಕೊಂಡೆ. ನನ್ನ ಜೊತೆ ಒಂದು ಊರಿತ್ತು.

ಈ ಪತ್ರವೂ ಅಂಚೆಯಲ್ಲಿ ಬರುತ್ತಿಲ್ಲ, ಹಾಗಾಗಿ ಹೇಗೆ ಇಳಿದೆವು ಅಂತ ಹೇಳುತ್ತೇನೆ. ಉಪಾಯ ಹವಾಲ್ದಾರರದ್ದು. "ಒಂದು ಮನೆ ಬಚ್ಚಿಡೋಕಾಗಲ್ಲ ಮೇಡಂ. ಎಲ್ಲಾ ಮನೇನೂ ಒಂದೇ ಥರ ಮಾಡಿಬಿಡೋಣ" ಅಂದರು. ಮೇ ಮೂರನೇ ವಾರದಿಂದ ನಲವತ್ತಮೂರು ಮನೆಗೂ ಹೋದೆವು, ಹಾಡಹಗಲಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಪ್ರತಿ ಮನೆಯಲ್ಲೂ ಅರ್ಧ ಗಂಟೆ. ಒಂದು ಕಡೆ ತಗಡು ಬಡಿದೆವು, ಒಂದು ಕಡೆ ಬಾಗಿಲಿನ ತಿರುಗಣಿ ಹಾಕಿದೆವು, ಏನೂ ಕೆಲಸವಿಲ್ಲದ ಕಡೆ ಸುಮ್ಮನೆ ಕೂತು ನೀರು ಕುಡಿದು ಬಂದೆವು. ನಮ್ಮನ್ನು ಕಂಡರಾಗದ ಮನೆಗಳಿಗೂ ಹೋದೆವು. ಅಲ್ಲಿ ಹವಾಲ್ದಾರರು ಇನ್ನೂ ಐದು ನಿಮಿಷ ಹೆಚ್ಚಿಗೆ ಕೂತರು. ಗಿರಣಿಯ ಯಜಮಾನ, "ಏನ್ ಸಾಹೇಬ್ರೇ, ಹೋಗೋ ಮುಂಚೆ ಎಲ್ಲರಿಗೂ ಅಳಿಯ ಆಗ್ತಿದ್ದೀರಾ?" ಅಂತ ಕೇಳಿದ. ಟೀಚರಮ್ಮನ ಮನೆ ಇಪ್ಪತ್ತೊಂಬತ್ತನೆಯದಾಗಿ ಬಂತು. ಅವರ ಮನೆಯ ಒಲೆಯ ಕೊಳವೆ ಸರಿ ಮಾಡಿ, ಮೂವತ್ತನೆಯದಕ್ಕೆ ಹೋದೆವು.

ಇಳಿಯುವ ಮುನ್ನಾದಿನ ಅವರು ಗೇಟಿಗೆ ಬಂದರು. "ನೀವಿದ್ದಿದ್ದು ಒಳ್ಳೇದಾಯ್ತು ಅಂತ ನಾನು ಯಾರ ಮುಂದೂ ಹೇಳಲ್ಲ. ತಪ್ಪು ತಿಳೀಬೇಡಿ" ಅಂದರು. ಇಲ್ಲ ಅಂದೆ. "ಮತ್ತೆ ಬರೋದಾದ್ರೆ ಎಲ್ಲರ ಮನೆ ಮುಂದೂ ಹಾದುಹೋಗಿ" ಅಂದು ಹೊರಟುಬಿಟ್ಟರು. ಆ ಹೆಂಗಸಿಗೆ ಯಾವ ಕಾಲೇಜಿನಲ್ಲೂ ಯಾರೂ ತಂತ್ರ ಹೇಳಿಕೊಟ್ಟಿಲ್ಲ ಅಕ್ಕ.

ಜೂನ್ ಎರಡರಂದು ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲಲ್ಲಿ, ನಡೆದು ಇಳಿದೆವು. ಎಲ್ಲರೂ ಗಡ್ಡ ಬೋಳಿಸಿ ಬೂಟು ಉಜ್ಜಿರಬೇಕು ಅಂತ ಹವಾಲ್ದಾರರ ಕಟ್ಟಪ್ಪಣೆ. "ಓಡಿಹೋಗೋರು ಬೂಟು ಉಜ್ಜಲ್ಲ. ಮೇಲಿಂದ ನೋಡೋರಿಗೆ ಅದು ಗೊತ್ತಾಗ್ಲಿ" ಅಂದರು. ಗೋದಾಮನ್ನು ಗುಡಿಸಿ ಒರೆಸಿ ಬೀಗದಕೈ ಊರಿಗೆ ಕೊಟ್ಟೆವು. ನಾಲ್ಕು ಮನೆಯವರು ನಮ್ಮ ಜೊತೆ ಬಂದರು. ಒಂದು ಗುಂಡೂ ಹಾರಲಿಲ್ಲ. ಊರ ಅಂಚಿನಲ್ಲಿ ಎಲ್ಲರನ್ನೂ ಎಣಿಸಿ ಕೊನೆಯವಳಾಗಿ ಹೊರಟೆ. ಮೂವತ್ತೆರಡು ಮಂದಿ ಹೋಗಿದ್ದೆವು, ಮೂವತ್ತೆರಡು ಮಂದಿ ಬಂದೆವು. ಕರ್ನಲ್ ಸಾಹೇಬರು ಕ್ಯಾಂಪಿನ ಗೇಟಿನಲ್ಲಿ ಖುದ್ದಾಗಿ ನಿಂತಿದ್ದರು. ವಾರಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಆ ಊರಿಗೆ ಗಸ್ತು ಹೋಗುತ್ತೇನೆ, ಹೋಗಿ ಬರಲು ಒಂಬತ್ತು ಗಂಟೆ ಬೇಕು ಅಂದೆ. "ಏನಾಗಬೇಕು ಅನ್ನೋದನ್ನ ನಾನು ಹೇಳ್ತೀನಿ. ಹೇಗೆ ಅನ್ನೋದು ನಿನಗೆ ಬಿಟ್ಟಿದ್ದು" ಅಂದರು.

ಹದಿನಾಲ್ಕರಂದು ಮೊದಲ ಗಸ್ತು ಹೋದೆವು. ಅಷ್ಟರಲ್ಲಿ ಮೇಲಿನವರು ಎರಡು ಸಲ ಬಂದು ಹೋಗಿದ್ದರು. ಮನೆಮನೆಗೂ ನುಗ್ಗಿ, ಹೇಳಿದವರು ಯಾರು ಅಂತ ಕೇಳಿದ್ದಾರೆ. ನಲವತ್ತಮೂರರಲ್ಲಿ ಉಳಿದ ಮೂವತ್ತೊಂಬತ್ತು ಮನೆಯವರೂ ಒಂದೇ ಮಾತು ಹೇಳಿದ್ದಾರೆ: ಗೋದಾಮಿನವರು ಎಲ್ಲರ ಮನೆಗೂ ಬರ್ತಿದ್ರು. ಅವರ ಮಾತು ಯಾರೂ ಕಲಿಸಿಕೊಟ್ಟದ್ದಲ್ಲ, ನಿಜ. ಗಿರಣಿಯ ಯಜಮಾನನಿಗೆ ಹೊಡೆದು ಎರಡು ಚೀಲ ಹಿಟ್ಟು ಹೊತ್ತುಕೊಂಡು ಹೋಗಿದ್ದಾರೆ. ಮುಂದಿನ ಹಲ್ಲು ಒಂದಿಲ್ಲ. ಅದನ್ನು ನಗುತ್ತಲೇ ಹೇಳಿದ, ನಾನು ನಗಲಿಲ್ಲ. ಅವನು ತೆತ್ತದ್ದನ್ನು ನಿನ್ನ ಮುಂದಿನ ಪ್ರಬಂಧದಲ್ಲಿ ಬಿಡಬೇಡ.

ಶಾಲೆ ನಡೆಯುತ್ತಿತ್ತು. ಕಿಟಕಿಯಿಂದ ಮಗ್ಗಿ ಕೇಳಿಸುತ್ತಿತ್ತು. ಟೀಚರಮ್ಮ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಸರ್ವೀಸಿನಲ್ಲಿ ಅಷ್ಟು ದೊಡ್ಡ ಗೌರವ ನನಗೆ ಯಾರೂ ಕೊಟ್ಟಿಲ್ಲ.

ಇನ್ನು ನಿನ್ನ ವಿಷಯ. ಹೊಗಳಬಾರದು ಅಂತ ಇದ್ದೆ. ನೀನು ಜನರಲ್ ಸಾಹೇಬರ ಮುಂದೆ ಹೇಳಿದ್ದು ಇಲ್ಲಿಗೂ ತಲುಪಿದೆ, ಆ ನಾಲ್ಕು ಜನ ಅಧಿಕಾರಿಗಳಲ್ಲಿ ಯಾರೋ ಬಾಯಿ ಬಿಟ್ಟಿರಬೇಕು. ಹವಾಲ್ದಾರರು ಒಂದು ದಿನ 'ಅಕ್ಕನವರಿಗೆ' ಅಂತ ಬರೆದ ನನ್ನ ಬಿಗಿದ ಮುಖ ನೋಡಿ ಅಂದರು: "ತಪ್ಪಾಯ್ತು ಅಂತ ಕಾಗದದಲ್ಲಿ ಬರೆದು ಕಳಿಸೋರನ್ನ ತುಂಬ ನೋಡಿದ್ದೀನಿ ಮೇಡಂ. ದೊಡ್ಡ ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು, ನಾಲ್ಕು ಜನರ ಎದುರಿಗೆ ಹೇಳ್ದೋರನ್ನ ನೋಡಿಲ್ಲ. ನೀವು ನೆಲದ ಮೇಲೆ ಮಲಗಿದ್ರಿ, ಅವರು ಅಲ್ಲಿ ನಿಂತ್ರು. ಮನೆತನ ಒಂದೇ." ಉಳಿದ ಆರು ಠಾಣೆಗಳ ಆಫೀಸರುಗಳಿಗೂ ಗೊತ್ತು. ಅದರಲ್ಲೊಬ್ಬ ವಯರ್‌ಲೆಸ್ಸಿನಲ್ಲಿ ನಿನಗೆ ಸೆಲ್ಯೂಟ್ ಹೇಳಿದ್ದಾನೆ, ತಲುಪಿಸಿದ್ದೇನೆ.

ನಿನ್ನ ಪ್ರಬಂಧದ ಅರ್ಧ ಸರಿ ಅಂತ ಒಪ್ಪುತ್ತೇನೆ. ಇಲ್ಲಿಗೆ ಬಂದ ಮೇಲೆ ನನ್ನವರ ಮುಖಕ್ಕೆ ಬಣ್ಣ ಬಂದಿದೆ. ಮೂವತ್ತೆರಡು ಜನರನ್ನು ಒಂಟಿ ಗುಡ್ಡದ ಮೇಲೆ ಎಷ್ಟು ದಿನ ಇಡಬಹುದು ಅನ್ನುವ ಪ್ರಶ್ನೆಗೆ ನನ್ನ ಹತ್ತಿರವೂ ಪೂರ್ತಿ ಉತ್ತರವಿಲ್ಲ. ಆದರೆ ಇನ್ನರ್ಧವನ್ನು ನೀನು ಬೋರ್ಡಿನ ಮುಂದೆ ನಿಂತು ಬರೆಯಲಾರೆ.

ಕೋಪ ಇನ್ನೂ ಇದೆ. ಹೆಮ್ಮೆಯೂ ಇದೆ. ಎರಡೂ ಒಂದೇ ಕೋಣೆಯಲ್ಲಿ ಕಿತ್ತಾಡುತ್ತಿವೆ, ಚಿಕ್ಕಂದಿನಲ್ಲಿ ನಾವಿಬ್ಬರೂ ಕಿತ್ತಾಡುತ್ತಿದ್ದ ಹಾಗೆ.

ಮೊಂಡಿ


ಸೇನಾ ಕಾಲೇಜು
ಜೂನ್ ೨೯

ಪ್ರೀತಿಯ ಮೊಂಡಿಗೆ,

ಅಮ್ಮನಿಗೆ ಈ ಸಲ ಎಲ್ಲವನ್ನೂ ಹೇಳಿಬಿಟ್ಟೆ, ಸೇತುವೆಯನ್ನೂ, ಪಟ್ಟಿಯನ್ನೂ. ನನ್ನನ್ನು ಎರಡು ದಿನ ಮಾತಾಡಿಸಲಿಲ್ಲ. ಮೂರನೇ ದಿನ, "ಇಬ್ಬರಿಗೂ ಒಂದೊಂದು ಬಿಡಬೇಕು" ಅಂದು ಊಟಕ್ಕೆ ಕರೆದರು.

ಜನರಲ್ ಸಾಹೇಬರು ಸೋಮವಾರ ಕರೆಸಿದ್ದರು. ಕೂರಲು ಹೇಳಲಿಲ್ಲ. "ಸಮಿತಿಯಿಂದ ತೆಗೆದೆ ಅಂತ ಮನೇಲಿ ಕೂತ್ರೆ ಆಗಲ್ಲ. ಆರು ಠಾಣೆಗೂ ಹೋಗಿ. ಒಂದೊಂದರಲ್ಲೂ ಒಂದು ವಾರ ಇದ್ದು, ಕೇಳಿಸ್ಕೊಂಡು, ಆಮೇಲೆ ಬರೀರಿ" ಅಂದರು. "ಹದಿನೇಳರ ಊರಿಗೆ ಮೊದಲು ಹೋಗಬಹುದಾ ಸರ್?" ಅಂದೆ. "ಅಲ್ಲೀಗ ಠಾಣೆ ಇಲ್ಲವಲ್ಲ" ಅಂದರು. "ಅದಕ್ಕೇ ಸರ್" ಅಂದೆ. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ, ಸಹಿ ಹಾಕಿದರು.

ಹದಿನೇಳು ವರ್ಷದಿಂದ ಈ ವಿಷಯ ಕಲಿಸುತ್ತಿದ್ದೇನೆ, ಒಂದು ಗಸ್ತಿನ ಜೊತೆಗೂ ನಡೆದಿಲ್ಲ. ಇದನ್ನು ತರಗತಿಯಲ್ಲೇ ಹೇಳಿದೆ. ಹಿಂದಿನ ಬೆಂಚಿನ ಮೇಜರ್ ಈ ಸಲ ತಮಾಷೆ ಮಾಡಲಿಲ್ಲ. ಪಾಠ ಮುಗಿದ ಮೇಲೆ ಬಂದು, ಎಂತಹ ಬೂಟು ತಗೋಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟ. ತಂದಿದ್ದೇನೆ. ಹಿಮ್ಮಡಿ ಉಜ್ಜುತ್ತಿದೆ. ಪಳಗಲಿ ಅಂತ ಅಡುಗೆಮನೆಯಿಂದ ಹಜಾರಕ್ಕೆ ಹಜಾರದಿಂದ ಅಡುಗೆಮನೆಗೆ ತಿರುಗುತ್ತಿದ್ದೇನೆ. ಹೀಗೆ ತಿರುಗಿದರೆ ನೆಲ ಸವೆಯುತ್ತದೆ, ಬೂಟಲ್ಲ ಅನ್ನುತ್ತಾರೆ ಅಮ್ಮ.

ಜುಲೈ ಐದರ ಬೆಳಿಗ್ಗೆ ಕ್ಯಾಂಪಿನ ಗೇಟಿನಲ್ಲಿರುತ್ತೇನೆ. ನನಗೋಸ್ಕರ ನಿಧಾನ ಮಾಡಬೇಡ. ಎಲ್ಲಿ ಬಗ್ಗಬೇಕು, ಎಲ್ಲಿ ಸುಮ್ಮನಿರಬೇಕು, ಯಾರ ಕಡೆ ನೋಡಬಾರದು, ಹೇಳಿಕೊಡು. ನೀನು ಮುಂದೆ ನಡೆ. ನಿನ್ನ ಹೆಜ್ಜೆ ಬಿದ್ದ ಕಡೆಯೇ ಹೆಜ್ಜೆಯಿಟ್ಟು ನಾನು ಹಿಂದೆ ಬರುತ್ತೇನೆ.

ನಿನ್ನ,
ಅಕ್ಕ